ಹಾಲುಹಲ್ಲಿನ ನರ ತೆರೆದುಕೊಂಡರೆ ಅದರ ಮೇಲೆ ಯಾವ ಔಷಧಿ ಇಡಬೇಕು?

ಪ್ರಶ್ನೆ: ನನ್ನ ಮಗಳಿಗೆ ಐದೂವರೆ ವರ್ಷ. ಕೆಳಗಿನ ಸಾಲಿನ ಕೊನೆಯ ಹಾಲುಹಲ್ಲಿನಲ್ಲಿ ದೊಡ್ಡ ಹುಳುಕಾಗಿದೆ. ತಣ್ಣೀರು ಅಥವಾ ಸಿಹಿ ತಾಕಿದಾಗ ಜುಂ ಅನ್ನುತ್ತದಂತೆ, ಆಮೇಲೆ ಸರಿಹೋಗುತ್ತದೆ. ರಾತ್ರಿ ನೋವಿಲ್ಲ. ಹುಳುಕು ತೆಗೆಯುವಾಗ ನರ ತೆರೆದುಕೊಳ್ಳಬಹುದು, ಹಾಗಾದರೆ ಮೇಲಿನ ಭಾಗದ ನರ ತೆಗೆದು, ಔಷಧಿ ಇಟ್ಟು, ಸ್ಟೀಲ್ ಕ್ಯಾಪ್ ಹಾಕುತ್ತೇವೆ ಎಂದು ಡಾಕ್ಟರ್ ಹೇಳಿದ್ದಾರೆ. ಎಂಟಿಎ, ಬಯೋಡೆಂಟಿನ್, ಫಾರ್ಮೋಕ್ರೆಸಾಲ್ ಎಂದು ಮೂರು ಹೆಸರು ಹೇಳಿದರು. ಇನ್ನೊಬ್ಬ ಡಾಕ್ಟರ್ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸಾಕು ಎಂದರು. ಫಾರ್ಮೋಕ್ರೆಸಾಲ್‌ನಿಂದ ಕ್ಯಾನ್ಸರ್ ಬರುತ್ತದೆ ಎಂದು ಓದಿ ಭಯವಾಗಿದೆ. ಯಾವುದು ಒಳ್ಳೆಯದು? ಹೇಗೂ ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಬೇಕಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಆ ಹಲ್ಲು ಬೀಳುವುದು ಸಾಮಾನ್ಯವಾಗಿ 10ರಿಂದ 12ನೇ ವಯಸ್ಸಿನಲ್ಲಿ. ಅಂದರೆ ನಿಮ್ಮ ಮಗಳು ಇನ್ನೂ ಐದಾರು ವರ್ಷ ಅದರಲ್ಲೇ ಅಗಿಯಬೇಕು. ಇನ್ನೊಂದು ವಿಷಯವೂ ಇದೆ. ಆರನೇ ವಯಸ್ಸಿನ ಸುಮಾರಿಗೆ ಈ ಹಲ್ಲಿನ ಹಿಂದೆಯೇ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಅದು ಈ ಹಾಲುಹಲ್ಲಿನ ಬೆನ್ನಿಗೆ ಒರಗಿಕೊಂಡೇ ತನ್ನ ಜಾಗಕ್ಕೆ ಬರುತ್ತದೆ. ಹಾಲುಹಲ್ಲನ್ನು ಈಗಲೇ ಕಿತ್ತರೆ ಹೊಸ ಹಲ್ಲು ಮುಂದಕ್ಕೆ ಜಾರುತ್ತದೆ. ಮುಂದೆ ಅಲ್ಲಿ ಬರಬೇಕಾದ ಹಲ್ಲಿಗೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಈ ವಯಸ್ಸಿನಲ್ಲಿ ಈ ಹಲ್ಲನ್ನು ಉಳಿಸಲು ಪ್ರಯತ್ನಪಡುವುದು ಖಂಡಿತ ಸರಿ. ಹತ್ತು ವರ್ಷದ ಮಗುವಿನ ಇದೇ ಹಲ್ಲಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಈಗ ಹಲ್ಲಿನ ಒಳಗೆ ಏನಿದೆ ನೋಡೋಣ. ನಾವೆಲ್ಲ ‘ನರ’ ಎಂದು ಕರೆಯುವುದು ಬರೀ ನರ ಅಲ್ಲ. ಅದು ಹಲ್ಲಿನ ತಿರುಳು. ಅದರಲ್ಲಿ ರಕ್ತನಾಳಗಳಿವೆ, ನರಗಳಿವೆ, ಹಲ್ಲಿನ ಗಟ್ಟಿ ಪದರವನ್ನು ಕಟ್ಟುವ ಜೀವಕೋಶಗಳಿವೆ. ಹಾಲುಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಹೊದಿಕೆ, ಸುಮಾರು 1 ಮಿಲಿಮೀಟರ್ ದಪ್ಪ, ದೊಡ್ಡವರ ಹಲ್ಲಿನದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧ. ತಿರುಳಿನ ತುದಿಗಳೂ ಮೇಲ್ಮೈಗೆ ತೀರಾ ಹತ್ತಿರ ಬಂದಿರುತ್ತವೆ. ಅದಕ್ಕೇ ಮಕ್ಕಳಲ್ಲಿ ಹುಳುಕು ಕಣ್ಣಿಗೆ ಬೀಳುವಷ್ಟರಲ್ಲಿ ತಿರುಳಿನ ಬಾಗಿಲಿಗೆ ಬಂದುಬಿಟ್ಟಿರುತ್ತದೆ. ಇದರಲ್ಲಿ ನಿಮ್ಮ ಅಲಕ್ಷ್ಯ ಇದೆ ಎಂದು ಕೊರಗಬೇಡಿ.

ತಿರುಳಿನಲ್ಲಿ ಎರಡು ಭಾಗ. ಮೇಲೆ, ಹಲ್ಲಿನ ತಲೆಯೊಳಗೆ ಒಂದು ಭಾಗ. ಕೆಳಗೆ, ಬೇರುಗಳೊಳಗೆ ಇನ್ನೊಂದು. ಹುಳುಕಿನ ಬ್ಯಾಕ್ಟೀರಿಯಾ ಮೊದಲು ಕೆಡಿಸುವುದು ಮೇಲಿನ ಭಾಗವನ್ನು. ಬೇರಿನೊಳಗಿನದು ಇನ್ನೂ ಚೆನ್ನಾಗಿದ್ದರೆ, ಕೆಟ್ಟ ಮೇಲಿನ ಭಾಗವನ್ನು ಮಾತ್ರ ತೆಗೆದು, ಉಳಿದದ್ದರ ಮೇಲೆ ಔಷಧಿ ಇಟ್ಟು ಮುಚ್ಚುತ್ತೇವೆ. ಇದಕ್ಕೆ ಪಲ್ಪಾಟಮಿ ಎನ್ನುತ್ತೇವೆ. ನಿಮ್ಮ ಡಾಕ್ಟರ್ ಹೇಳಿದ್ದು ಇದನ್ನೇ. ಇದು ರೂಟ್ ಕೆನಾಲ್ ಅಲ್ಲ. ರೂಟ್ ಕೆನಾಲ್‌ನಲ್ಲಿ ಬೇರಿನೊಳಗಿನದನ್ನೂ ಪೂರ್ತಿ ತೆಗೆಯುತ್ತಾರೆ.

ಇಷ್ಟು ಹೇಳಿದ ಮೇಲೆ ಒಂದು ಮಾತು. ಯಾವ ಔಷಧಿ ಎಂದು ಕೇಳುವ ಮೊದಲು, ಬೇರಿನೊಳಗಿನ ತಿರುಳು ಜೀವಂತವಾಗಿ, ಆರೋಗ್ಯವಾಗಿ ಇದೆಯಾ ಎಂದು ಕೇಳಬೇಕು. ಇಲ್ಲದಿದ್ದರೆ ಜಗತ್ತಿನ ಅತ್ಯುತ್ತಮ ಔಷಧಿಯೂ ಕೆಲಸ ಮಾಡುವುದಿಲ್ಲ. ಅದನ್ನು ತಿಳಿಯಲು ನಮಗೆ ಮೂರು ದಾರಿ ಇವೆ. ಮೊದಲನೆಯದು ನೋವಿನ ಬಗೆ. ಏನಾದರೂ ತಾಕಿದಾಗ ಜುಂ ಎಂದು, ತೆಗೆದ ಕೂಡಲೇ ನಿಂತರೆ ತಿರುಳು ಇನ್ನೂ ಚೇತರಿಸಿಕೊಳ್ಳಬಲ್ಲದು. ಸುಮ್ನೆ ಕೂತಾಗಲೇ ನೋವು ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಅದು ಕೆಟ್ಟ ಸುಳಿವು. ನಿಮ್ಮ ಮಗಳ ವಿವರಣೆ ಮೊದಲ ಬಗೆಯದು. ಎರಡನೆಯದು ಎಕ್ಸ್‌ರೇ. ಹಾಲು ದವಡೆ ಹಲ್ಲಿನಲ್ಲಿ ಸೋಂಕು ಬೇರಿನ ತುದಿಗಿಂತ ಮೊದಲು ಬೇರುಗಳು ಕವಲೊಡೆಯುವ ಜಾಗದಲ್ಲಿ ಕಾಣಿಸುತ್ತದೆ. ಅಲ್ಲಿ ಮೂಳೆ ಕರಗಿ ಕಪ್ಪಾಗಿದ್ದರೆ ಪಲ್ಪಾಟಮಿಯ ಕಾಲ ಮುಗಿದಿದೆ. ಒಸಡಿನ ಮೇಲೆ ಕೀವಿನ ಗುಳ್ಳೆ ಇದ್ದರೂ, ಹಲ್ಲು ಅಲ್ಲಾಡುತ್ತಿದ್ದರೂ ಅಷ್ಟೇ.

ಮೂರನೆಯದು ಚಿಕಿತ್ಸೆಯ ಹೊತ್ತಿನಲ್ಲೇ ಗೊತ್ತಾಗುವಂಥದ್ದು, ನನಗಂತೂ ಇದರ ಮೇಲೆ ನಂಬಿಕೆ ಜಾಸ್ತಿ. ಮೇಲಿನ ತಿರುಳು ತೆಗೆದ ಮೇಲೆ ಬೇರಿನ ಬಾಯಿಗಳಲ್ಲಿ ರಕ್ತ ಬರುತ್ತದೆ. ಒದ್ದೆ ಹತ್ತಿಯ ಉಂಡೆಯನ್ನು ಮೆಲ್ಲಗೆ ಒತ್ತಿ ಹಿಡಿಯುತ್ತೇವೆ. ರಕ್ತ ತಿಳಿ ಕೆಂಪಾಗಿದ್ದು ಸುಮಾರು 5 ನಿಮಿಷದೊಳಗೆ ನಿಂತರೆ ಒಳ್ಳೆಯದು. ಕಡುಕೆಂಪು ರಕ್ತ ನಿಲ್ಲದೆ ಒಸರುತ್ತಲೇ ಇದ್ದರೆ ಉರಿಯೂತ ಬೇರಿನೊಳಗೂ ಇಳಿದಿದೆ ಎಂದರ್ಥ. ಆಗ ಯೋಜನೆ ಬದಲಿಸಬೇಕು. ಹಾಗಾಗಿ ಡಾಕ್ಟರ್ ಅರ್ಧದಲ್ಲಿ ಎದ್ದು ಬಂದು “ಬೇರಿನ ಚಿಕಿತ್ಸೆಯೇ ಬೇಕಾಗುತ್ತದೆ” ಎಂದರೆ ಮಾತು ತಪ್ಪಿದರು ಎಂದುಕೊಳ್ಳಬೇಡಿ. ಅವರು ನೋಡಬೇಕಾದ್ದನ್ನು ನೋಡಿ ಹೇಳುತ್ತಿದ್ದಾರೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನೀವು ಡಾಕ್ಟರನ್ನು ಕೇಳಲೇಬೇಕಾದ ಇನ್ನೊಂದು ದಾರಿ ಇದೆ: ತಿರುಳನ್ನು ತೆರೆಯದೇ ಇರುವುದು. ಹುಳುಕಿನ ಅಂಚುಗಳನ್ನೆಲ್ಲ ಚೊಕ್ಕವಾಗಿ ತೆಗೆದು, ತಿರುಳಿಗೆ ತೀರಾ ಹತ್ತಿರದ ಕೊನೆಯ ಪದರವನ್ನು ಮಾತ್ರ ಹಾಗೇ ಬಿಟ್ಟು, ಮೇಲೆ ಭದ್ರವಾಗಿ ಮುಚ್ಚುವುದು. “ಹುಳುಕನ್ನು ಒಳಗೇ ಬಿಟ್ಟು ಮುಚ್ಚುವುದಾ?” ಎಂದು ಹೆಚ್ಚಿನ ತಾಯಂದಿರು ಗಾಬರಿಯಾಗುತ್ತಾರೆ. ಗಾಬರಿ ಸಹಜವೇ. ಆದರೆ ಹುಳುಕಿನ ಬ್ಯಾಕ್ಟೀರಿಯಾ ಬದುಕುವುದು ಬಾಯಿಂದ ಬರುವ ಸಕ್ಕರೆಯ ಮೇಲೆ. ಮೇಲಿನಿಂದ ಗಾಳಿ ನೀರು ಇಳಿಯದಂತೆ ಮುಚ್ಚಿದರೆ ಅವುಗಳಿಗೆ ಆಹಾರ ಸಿಗುವುದಿಲ್ಲ. ಹುಳುಕು ಅಲ್ಲಿಗೇ ನಿಲ್ಲುತ್ತದೆ. ಅಷ್ಟರಲ್ಲಿ ತಿರುಳು ತನ್ನ ಕಡೆಯಿಂದ ಹೊಸ ಡೆಂಟಿನ್, ಅಂದರೆ ಎನಾಮೆಲ್ ಕೆಳಗಿನ ಗಟ್ಟಿ ಪದರ, ಕಟ್ಟಿಕೊಂಡು ಹಿಂದೆ ಸರಿಯುತ್ತದೆ.

ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ ಡೆಂಟಿಸ್ಟ್ರಿ 2017ರಲ್ಲಿ ಹಾಲುಹಲ್ಲಿನ ಜೀವಂತ ತಿರುಳಿನ ಚಿಕಿತ್ಸೆಗೆ ಮಾರ್ಗದರ್ಶಿ ಹೊರತಂದಿತು. ಅದಕ್ಕೆ ಆಧಾರವಾದ ಅಧ್ಯಯನಗಳ ಒಟ್ಟು ಲೆಕ್ಕದಲ್ಲಿ, ಹೀಗೆ ತೆರೆಯದೆ ಮುಚ್ಚಿದ ಹಲ್ಲುಗಳಲ್ಲಿ 24 ತಿಂಗಳ ನಂತರ ಸುಮಾರು 94 ಶೇಕಡಾ ಚೆನ್ನಾಗಿದ್ದವು. ಎಲ್ಲ ಬಗೆಯ ಔಷಧಿಗಳ ಪಲ್ಪಾಟಮಿ ಸೇರಿಸಿದರೆ ಸುಮಾರು 83 ಶೇಕಡಾ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗ ಸ್ವಲ್ಪ ಎಚ್ಚರ ಬೇಕು. ಪಲ್ಪಾಟಮಿಗೆ ಬರುವ ಹಲ್ಲುಗಳು ಹೆಚ್ಚಾಗಿ ಮೊದಲೇ ಜಾಸ್ತಿ ಕೆಟ್ಟಿರುತ್ತವೆ. ಆದರೂ ತೆರೆಯದೆ ಉಳಿಸಬಹುದಾದ ತಿರುಳನ್ನು ತೆರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ದಾರಿಯಲ್ಲಿ ಒಳಗೆ ಹಚ್ಚುವ ಪದರ ಯಾವುದು ಎಂಬುದಕ್ಕೆ ದೊಡ್ಡ ಮಹತ್ವವೇ ಇಲ್ಲ. ಮೇಲಿನ ಮುಚ್ಚಿಗೆ ಭದ್ರವಾಗಿದ್ದರೆ ಸಾಕು.

ಸರಿ, ತಿರುಳು ತೆರೆದೇಬಿಟ್ಟಿತು ಎಂದುಕೊಳ್ಳೋಣ. ಈಗ ಔಷಧಿಗಳ ವಿಚಾರ.

ಎರಡನೇ ಡಾಕ್ಟರ್ ಹೇಳಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಿಂದ ಶುರು ಮಾಡುತ್ತೇನೆ. ಇದು ಹಳೆಯ, ಗೌರವದ ಔಷಧಿ. 1920ರಲ್ಲಿ ಜರ್ಮನಿಯ ಹರ್ಮನ್ ಎಂಬವರು ಇದನ್ನು ದಂತಚಿಕಿತ್ಸೆಗೆ ತಂದರು. ಸುಣ್ಣದ ಹಾಗೆ ತುಂಬಾ ಕ್ಷಾರ, ಪಿಎಚ್ 12.5ರ ಹತ್ತಿರ. ತಿರುಳಿಗೆ ತಾಗಿದಾಗ ಮೇಲಿನ ತೆಳು ಪದರವನ್ನು ಸುಡುತ್ತದೆ. ಆ ಸುಟ್ಟ ಪದರದ ಕೆಳಗೆ ತಿರುಳು ಡೆಂಟಿನ್‌ನ ಸೇತುವೆ ಕಟ್ಟಿಕೊಂಡು ತನ್ನನ್ನು ಮುಚ್ಚಿಕೊಳ್ಳುತ್ತದೆ. ದೊಡ್ಡವರ ಹಲ್ಲಿನಲ್ಲಿ ಇದು ದಶಕಗಳ ಕಾಲ ಚೆನ್ನಾಗಿ ಕೆಲಸ ಮಾಡಿದೆ.

ಹಾಲುಹಲ್ಲಿನ ಪಲ್ಪಾಟಮಿಯಲ್ಲಿ ಮಾತ್ರ ಅದು ಸೋತಿತು. ಸೋತ ಬಗೆಯೂ ವಿಚಿತ್ರ. ಹೊರಗೆ ನೋವಿಲ್ಲ, ಊತವಿಲ್ಲ. ಎಕ್ಸ್‌ರೇ ತೆಗೆದರೆ ಹಲ್ಲು ಒಳಗಿನಿಂದಲೇ ಕರಗುತ್ತಾ ಹೋಗಿರುತ್ತದೆ. ಹಾಲುಹಲ್ಲು ಎಂದರೆ ಒಂದು ದಿನ ಬೇರು ಕರಗಿ ಬೀಳಬೇಕಾದ ಹಲ್ಲು ಅಲ್ವಾ? ಹಲ್ಲನ್ನು ಕರಗಿಸುವ ಜೀವಕೋಶಗಳು ಅಲ್ಲಿ ಸುಲಭವಾಗಿ ಎಚ್ಚರಗೊಳ್ಳುತ್ತವೆ. ಔಷಧಿ ಮತ್ತು ತಿರುಳಿನ ನಡುವೆ ರಕ್ತದ ಹೆಪ್ಪು ಉಳಿದರೆ, ಸಣ್ಣ ಉರಿಯೂತ ಮುಂದುವರಿದರೆ, ಅವಕ್ಕೆ ಕೆಲಸ ಶುರು ಮಾಡಲು ಅಷ್ಟೇ ಸಾಕಾಗುತ್ತದೆ. ಸಾಲದ್ದಕ್ಕೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕಾಲಕ್ರಮೇಣ ಕರಗಿಹೋಗುತ್ತದೆ. ಅದರ ಕೆಳಗೆ ಕಟ್ಟಿದ ಸೇತುವೆಯಲ್ಲೂ ಸಣ್ಣ ಸುರಂಗಗಳಂಥ ತೂತುಗಳಿರುತ್ತವೆ. ಮೇಲಿನ ಫಿಲ್ಲಿಂಗ್ ಸ್ವಲ್ಪ ಸೋರಿದರೂ ಬ್ಯಾಕ್ಟೀರಿಯಾ ನೇರ ಒಳಕ್ಕೆ ಇಳಿಯುತ್ತದೆ. 2017ರ ಮಾರ್ಗದರ್ಶಿ ಹಾಲುಹಲ್ಲಿನ ಪಲ್ಪಾಟಮಿಗೆ ಇದನ್ನು ಬಳಸದಿರುವಂತೆ ಸಲಹೆ ಕೊಟ್ಟಿತು. ನನ್ನ ಸಲಹೆಯೂ ಅದೇ. ಎರಡನೇ ಡಾಕ್ಟರ್ ಹೇಳಿದ್ದು ತಿರುಳು ತೆರೆಯದೆ ಮುಚ್ಚುವಾಗ ಹಚ್ಚುವ ತೆಳು ಪದರದ ಬಗ್ಗೆ ಆಗಿದ್ದರೆ ತಕರಾರಿಲ್ಲ. ಯಾವುದರ ಬಗ್ಗೆ ಹೇಳಿದರು ಎಂದು ಒಮ್ಮೆ ಕೇಳಿ ನೋಡಿ.

ಫಾರ್ಮೋಕ್ರೆಸಾಲ್ ಇನ್ನೂ ಹಳೆಯದು. 1904ರಲ್ಲಿ ಬಕ್ಲಿ ಎಂಬ ಅಮೆರಿಕದ ದಂತವೈದ್ಯರು ಇದನ್ನು ಪರಿಚಯಿಸಿದರು. ಮೂಲ ಮಿಶ್ರಣದಲ್ಲಿ 19 ಶೇಕಡಾ ಫಾರ್ಮಾಲ್ಡಿಹೈಡ್, 35 ಶೇಕಡಾ ಕ್ರೆಸಾಲ್. ಮುಂದೆ ಇದನ್ನು ಐದನೇ ಒಂದು ಪಾಲಿಗೆ ತೆಳು ಮಾಡಿ ಬಳಸುವ ರೂಢಿ ಬಂತು. ಹತ್ತಿಯಲ್ಲಿ ಅದ್ದಿ, ಹಿಂಡಿ, ಬೇರಿನ ಬಾಯಿಯ ಮೇಲೆ ಸುಮಾರು 5 ನಿಮಿಷ ಇಟ್ಟು ತೆಗೆಯುವುದು ರೂಢಿ. ಇದು ತಿರುಳನ್ನು ಗುಣಪಡಿಸುವುದಿಲ್ಲ. ಅದರ ಮೇಲ್ಭಾಗವನ್ನು ಕೆಡದಂತೆ ಹದ ಮಾಡಿ ನಿಲ್ಲಿಸುತ್ತದೆ, ಪ್ರಯೋಗಾಲಯದಲ್ಲಿ ಅಂಗಾಂಶವನ್ನು ಫಾರ್ಮಾಲಿನ್‌ನಲ್ಲಿ ಇಟ್ಟ ಹಾಗೆ. ಆದರೂ ಕೆಲಸ ಮಾಡುತ್ತದೆ. 2017ರ ಅದೇ ಲೆಕ್ಕದಲ್ಲಿ 24 ತಿಂಗಳಿಗೆ ಇದರ ಯಶಸ್ಸು ಸುಮಾರು 85 ಶೇಕಡಾ. ಅದಕ್ಕೇ ಇಷ್ಟು ವರ್ಷ ಇದು ಉಳಿದುಕೊಂಡಿತು.

ನಿಮ್ಮ ಕ್ಯಾನ್ಸರ್ ಭಯದ ಬಗ್ಗೆ ಬಿಡಿಸಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಇದು ನಿಜ. ಆದರೆ ಅದಕ್ಕೆ ಸಾಕ್ಷಿ ಬಂದದ್ದು ಮುಖ್ಯವಾಗಿ ವರ್ಷಗಟ್ಟಲೆ ಫಾರ್ಮಾಲ್ಡಿಹೈಡ್ ಇರುವ ಗಾಳಿಯನ್ನು ಉಸಿರಾಡಿದ ಕೆಲಸಗಾರರಿಂದ. ಒಂದು ಹಲ್ಲಿಗೆ ಒಮ್ಮೆ ಹಚ್ಚುವ ಪ್ರಮಾಣ ತೀರಾ ಸಣ್ಣದು. ನಮ್ಮ ದೇಹವೇ ದಿನವೂ ಸ್ವಲ್ಪ ಫಾರ್ಮಾಲ್ಡಿಹೈಡ್ ಉತ್ಪಾದಿಸಿ, ಒಡೆದು ಹೊರಹಾಕುತ್ತಿರುತ್ತದೆ. ಆದ್ದರಿಂದ ನಿಮ್ಮ ದೊಡ್ಡ ಮಗುವಿಗೋ, ಪರಿಚಯದ ಮಗುವಿಗೋ ಹಿಂದೆ ಈ ಔಷಧಿ ಇಟ್ಟಿದ್ದರೆ ನಿದ್ದೆಗೆಡಬೇಡಿ. ಆ ಕಾರಣಕ್ಕೆ ಹಲ್ಲು ಕೀಳಿಸಲೂ ಬೇಡಿ.

ಹಾಗಿದ್ದರೂ ನಾನು ಇದನ್ನು ಬಳಸುವುದು ನಿಲ್ಲಿಸಿದ್ದೇನೆ. ಭಯದಿಂದ ಮಾತ್ರ ಅಲ್ಲ. ಜೀವಂತ ತಿರುಳನ್ನು ಜೀವಂತವಾಗಿಯೇ ಇಡುವ ಔಷಧಿ ಕೈಗೆ ಸಿಗುವಾಗ, ಅದನ್ನು ಹದ ಮಾಡಿ ನಿಲ್ಲಿಸುವ ಔಷಧಿ ಯಾಕೆ? ಚಿಕಿತ್ಸೆಯ ಕೋಣೆಯಲ್ಲಿ ದಿನವಿಡೀ ಅದರ ಆವಿ ಉಸಿರಾಡುವ ಸಿಬ್ಬಂದಿಯ ಬಗ್ಗೆಯೂ ಯೋಚಿಸಬೇಕಲ್ಲ.

ನಡುವೆ ಇನ್ನೊಂದೆರಡು ಹೆಸರು ನಿಮ್ಮ ಕಿವಿಗೆ ಬೀಳಬಹುದು. ಫೆರಿಕ್ ಸಲ್ಫೇಟ್, 15.5 ಶೇಕಡಾ ದ್ರಾವಣ. ಹತ್ತು ಹದಿನೈದು ಸೆಕೆಂಡು ಹಚ್ಚಿದರೆ ರಕ್ತನಾಳಗಳ ಬಾಯಿ ಮುಚ್ಚಿ ರಕ್ತ ನಿಲ್ಲುತ್ತದೆ. ಫಾರ್ಮಾಲ್ಡಿಹೈಡ್ ಇಲ್ಲ, ಬೇಗ ಮುಗಿಯುತ್ತದೆ, ಫಲಿತಾಂಶವೂ ಕೆಟ್ಟದ್ದಲ್ಲ. ನನಗೆ ಇದರಲ್ಲಿ ಒಂದೇ ಒಂದು ಅಳುಕು. ರಕ್ತ ತಾನಾಗಿ ನಿಲ್ಲುತ್ತದೆಯಾ ಎಂಬುದೇ ನಮ್ಮ ಪರೀಕ್ಷೆ ಎಂದೆನಲ್ಲ, ಆ ಪರೀಕ್ಷೆ ಮಾಡುವ ಮೊದಲೇ ಇದನ್ನು ಹಚ್ಚಿದರೆ ಕೆಟ್ಟ ತಿರುಳಿನ ರಕ್ತವೂ ನಿಂತುಬಿಡುತ್ತದೆ. ರೋಗ ಮುಚ್ಚಿಹೋಗುತ್ತದೆ. ಸೋಡಿಯಂ ಹೈಪೋಕ್ಲೋರೈಟ್ ಮತ್ತು ಲೇಸರ್ ಕೂಡ ಬಳಕೆಯಲ್ಲಿವೆ. ಲವಂಗದ ವಾಸನೆಯ ಬಿಳಿ ಪೇಸ್ಟ್, ಅಂದರೆ ಜಿಂಕ್ ಆಕ್ಸೈಡ್ ಯೂಜಿನಾಲ್, ಮೇಲೆ ತುಂಬಲು ಬರುತ್ತದೆ. ಜೀವಂತ ತಿರುಳಿಗೆ ನೇರ ತಾಗಿದರೆ ಅದು ಕೆರಳಿಸುತ್ತದೆ.

ಈಗ ಎಂಟಿಎ. ಇದರ ಕತೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1990ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಮತ್ತು ಅವರ ಜೊತೆಗಾರರು, ಬೇರಿನಲ್ಲಿ ಆಕಸ್ಮಿಕವಾಗಿ ಆದ ತೂತುಗಳನ್ನು ಮುಚ್ಚಲು ಒಂದು ವಸ್ತು ಹುಡುಕುತ್ತಿದ್ದರು. ಅವರು ಆರಿಸಿದ್ದು ಮನೆ ಕಟ್ಟುವ ಸಿಮೆಂಟಿನ ಹತ್ತಿರದ ಬಂಧುವನ್ನು. ಸುಮಾರು 75 ಶೇಕಡಾ ಪೋರ್ಟ್‌ಲ್ಯಾಂಡ್ ಸಿಮೆಂಟ್, 20 ಶೇಕಡಾ ಬಿಸ್ಮತ್ ಆಕ್ಸೈಡ್, 5 ಶೇಕಡಾ ಜಿಪ್ಸಮ್. ಬಿಸ್ಮತ್ ಇರುವುದು ಎಕ್ಸ್‌ರೇಯಲ್ಲಿ ಕಾಣಲಿ ಎಂದು. 1993ರಲ್ಲಿ ಮೊದಲ ವರದಿ ಬಂತು. ಉಳಿದ ಹಲವು ವಸ್ತುಗಳಿಗೆ ಒಣ ಜಾಗ ಬೇಕು. ಇದಕ್ಕೆ ತೇವವೇ ಬೇಕು, ಸಿಮೆಂಟಿಗೆ ನೀರು ಬೇಕಾದ ಹಾಗೆ. ಬಾಯಿಯೊಳಗೆ ಅದೊಂದು ದೊಡ್ಡ ಅನುಕೂಲ. ಹಾಗೆಂದು ಅಂಗಡಿಯ ಸಿಮೆಂಟೇ ಆಗುತ್ತದೆ ಎಂದಲ್ಲ. ದೇಹದೊಳಗೆ ಇಡುವುದಕ್ಕೆ ಕಣಗಳ ಗಾತ್ರ, ಭಾರಲೋಹಗಳ ಅಂಶ ಎಲ್ಲವೂ ಹತೋಟಿಯಲ್ಲಿರಬೇಕು.

ಇದರಲ್ಲೊಂದು ಸ್ವಾರಸ್ಯವಿದೆ. ಎಂಟಿಎ ನೀರಿನೊಂದಿಗೆ ಸೇರಿ ಗಟ್ಟಿಯಾಗುವಾಗ ಹೊರಬಿಡುವುದು ಏನನ್ನು ಗೊತ್ತಾ? ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ! ಹಾಗಾದರೆ ಅದು ಸೋತಲ್ಲಿ ಇದು ಹೇಗೆ ಗೆಲ್ಲುತ್ತದೆ? ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ತನ್ನ ಕ್ಷಾರವನ್ನೆಲ್ಲ ಒಮ್ಮೆಗೇ ಸುರಿದು, ಆಮೇಲೆ ಕರಗಿ ಜಾಗ ಖಾಲಿ ಮಾಡುತ್ತದೆ. ಎಂಟಿಎ ಅದನ್ನು ನಿಧಾನವಾಗಿ ಬಿಡುತ್ತದೆ, ತಾನು ಕಲ್ಲಿನ ಹಾಗೆ ಅಲ್ಲೇ ಉಳಿಯುತ್ತದೆ. ಹೊರಬಂದ ಕ್ಯಾಲ್ಸಿಯಂ ದೇಹದ ದ್ರವದಲ್ಲಿರುವ ಫಾಸ್ಫೇಟ್ ಜೊತೆ ಸೇರಿ, ಹಲ್ಲಿನದೇ ಖನಿಜವನ್ನು ಹೋಲುವ ಪದರವನ್ನು ಕಟ್ಟುತ್ತದೆ. ಅದು ಸಂದುಗಳನ್ನು ಮುಚ್ಚುತ್ತದೆ. ಕೆಳಗೆ ತಿರುಳು ಕಟ್ಟುವ ಸೇತುವೆಯೂ ದಪ್ಪ, ತೂತು ಕಡಿಮೆ. ಅಂದರೆ ಗುಣಪಡಿಸುವ ರಸಾಯನ ಹೆಚ್ಚುಕಡಿಮೆ ಅದೇ, ಕಾವಲು ಮಾತ್ರ ಬಲವಾದದ್ದು. ಈ ಒಂದು ಹೋಲಿಕೆ ಗೊತ್ತಾದರೆ ಹಲ್ಲಿನ ಚಿಕಿತ್ಸೆಯಲ್ಲಿ ಮುಚ್ಚಿಗೆ ಎಷ್ಟು ಮುಖ್ಯ ಎಂಬುದು ತಾನಾಗಿ ಅರ್ಥವಾಗುತ್ತದೆ.

ಎಂಟಿಎಗೂ ಕೊರತೆಗಳಿವೆ. ಮೊದಲ ಎಂಟಿಎ ಗಟ್ಟಿಯಾಗಲು ಎರಡೂ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕಲಸಿದರೆ ಒದ್ದೆ ಮರಳಿನ ಹಾಗೆ, ಕೈಗೆ ಸುಲಭವಾಗಿ ಬಗ್ಗುವುದಿಲ್ಲ. ಹಲ್ಲಿನ ಬಣ್ಣ ಬೂದಿಯಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಆ ಬಿಸ್ಮತ್, ಹೈಪೋಕ್ಲೋರೈಟ್ ತಾಗಿದರೆ ಇನ್ನೂ ಜಾಸ್ತಿ. ಬಿಳಿ ಎಂಟಿಎ ಎಂದು ಬಂದದ್ದರಲ್ಲೂ ಬಿಸ್ಮತ್ ಇದ್ದದ್ದರಿಂದ ಈ ತೊಂದರೆ ಪೂರ್ತಿ ಹೋಗಲಿಲ್ಲ. ಮುಂದಿನ ಹಲ್ಲಾದರೆ ಇದು ಯೋಚಿಸಬೇಕಾದ ಮಾತು. ನಿಮ್ಮ ಮಗಳದ್ದು ಹಿಂದಿನ ಹಲ್ಲು, ಮೇಲೆ ಸ್ಟೀಲ್ ಕ್ಯಾಪ್ ಬರುತ್ತದೆ. ಒಳಗೆ ಬೂದಿಯಾದರೆ ಯಾರಿಗೂ ಕಾಣುವುದಿಲ್ಲ.

ಬಯೋಡೆಂಟಿನ್ ಇದೇ ಮನೆತನದ್ದು. ಫ್ರಾನ್ಸ್‌ನ ಸೆಪ್ಟೊಡಾಂಟ್ ಕಂಪನಿಯ ತಯಾರಿಕೆ. ಇದರಲ್ಲೂ ಮುಖ್ಯ ಅಂಶ ಸಿಮೆಂಟಿನಲ್ಲಿರುವ ಟ್ರೈಕ್ಯಾಲ್ಸಿಯಂ ಸಿಲಿಕೇಟೇ. ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಹಾಕಿದ್ದಾರೆ, ಆದ್ದರಿಂದ ಬಣ್ಣ ಕೆಡುವುದು ತುಂಬಾ ಕಡಿಮೆ. ದ್ರವದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುವುದರಿಂದ ಹನ್ನೆರಡು ನಿಮಿಷದ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಕುರ್ಚಿಯಲ್ಲಿ ಕೂತ ಐದು ವರ್ಷದ ಮಗುವಿಗೆ ಅದು ಸಣ್ಣ ಅನುಕೂಲವೇನಲ್ಲ. ಎಕ್ಸ್‌ರೇಯಲ್ಲಿ ಇದು ಎಂಟಿಎಯಷ್ಟು ಬೆಳ್ಳಗೆ ಕಾಣುವುದಿಲ್ಲ, ಅಷ್ಟೇ. ಹಾಲುಹಲ್ಲಿನಲ್ಲಿ ಇವೆರಡನ್ನು ಎದುರುಬದುರು ಇಟ್ಟು ನೋಡಿದ ಅಧ್ಯಯನಗಳಲ್ಲಿ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಈಗ ಕಲಸುವ ಕೆಲಸವೇ ಇಲ್ಲದೆ, ಮೆತ್ತಗಿನ ಹಿಟ್ಟಿನ ರೂಪದಲ್ಲಿ ಬರುವ ಇದೇ ಜಾತಿಯ ವಸ್ತುಗಳೂ ಇವೆ.

2018ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಹಾಲುಹಲ್ಲಿನ ತಿರುಳಿನ ಚಿಕಿತ್ಸೆಯ 87 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ಪಲ್ಪಾಟಮಿಗೆ ಎಂಟಿಎ ಎಲ್ಲಕ್ಕಿಂತ ಪರಿಣಾಮಕಾರಿ ಇರಬಹುದು ಎಂಬುದು ಅವರ ತೀರ್ಮಾನ. ‘ಇರಬಹುದು’ ಎಂಬ ಪದವನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೇನೆ. ಆ ಪ್ರಯೋಗಗಳಲ್ಲಿ ಬಹಳಷ್ಟು ಸಣ್ಣವು. ಆದರೆ 2017ರ ಲೆಕ್ಕವೂ ಅದೇ ದಿಕ್ಕು ತೋರಿಸುತ್ತದೆ. ಅಲ್ಲಿ ಎಂಟಿಎಯ ಯಶಸ್ಸು 24 ತಿಂಗಳಿಗೆ ಸುಮಾರು 90 ಶೇಕಡಾ.

ಅಂಕಿಗಳನ್ನು ಓದುವಾಗ ಒಂದು ಕಿವಿಮಾತು. ‘ಯಶಸ್ಸು’ ಎಂದರೆ ನೋವು, ಊತ ಇಲ್ಲದಿರುವುದಾ, ಅಥವಾ ಎಕ್ಸ್‌ರೇಯಲ್ಲೂ ಚೆನ್ನಾಗಿರುವುದಾ, ನೋಡಿಕೊಳ್ಳಿ. ಎಷ್ಟು ತಿಂಗಳಿಗೆ ಎಂಬುದನ್ನೂ ನೋಡಿ. ಆರು ತಿಂಗಳಿಗೆ ಎಲ್ಲ ಔಷಧಿಗಳೂ ಚೆನ್ನಾಗಿಯೇ ಕಾಣುತ್ತವೆ. ಒಳಗಿನಿಂದ ಕರಗುವ ಹಲ್ಲು ಬಾಯಿ ಬಿಡುವುದು ಆಮೇಲೆ. ಇನ್ನೊಂದು, ಎಂಟಿಎ ಇಟ್ಟ ಹಲ್ಲಿನ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಬೇರಿನ ನಾಳ ಕಿರಿದಾಗಿ ಮುಚ್ಚಿಹೋದ ಹಾಗೆ ಕಾಣುತ್ತದೆ. ಅದನ್ನು ನೋಡಿ ಹೆದರಬೇಡಿ. ಒಳಗಿನ ತಿರುಳು ಬದುಕಿದ್ದು ಡೆಂಟಿನ್ ಕಟ್ಟುತ್ತಿದೆ ಎಂಬುದಕ್ಕೆ ಅದು ಗುರುತು.

ಹಾಗಾದರೆ ನಿಮ್ಮ ಮಗಳಿಗೆ ಯಾವುದು? ತಿರುಳು ತೆರೆಯದೆ ಮುಚ್ಚಲು ಆಗುತ್ತದಾ ಎಂದು ಮೊದಲು ಕೇಳಿ. ತೆರೆದುಕೊಂಡರೆ ಎಂಟಿಎ ಅಥವಾ ಬಯೋಡೆಂಟಿನ್, ಎರಡರಲ್ಲಿ ನಿಮ್ಮ ಡಾಕ್ಟರಿಗೆ ಯಾವುದರಲ್ಲಿ ಹೆಚ್ಚು ಕೈ ಪಳಗಿದೆಯೋ ಅದು. ಇವೆರಡರ ನಡುವೆ ಆರಿಸಲು ತಲೆ ಕೆಡಿಸಿಕೊಳ್ಳಬೇಡಿ. ಉಪಕರಣ ತಾಗಿ ಸೂಜಿಮೊನೆಯಷ್ಟು ಮಾತ್ರ ತೆರೆದು, ಸುತ್ತಲೂ ಹುಳುಕಿಲ್ಲದ ಗಟ್ಟಿ ಡೆಂಟಿನ್ ಇದ್ದರೆ, ತಿರುಳು ತೆಗೆಯದೆ ಅದರ ಮೇಲೆಯೇ ಇದೇ ಔಷಧಿ ಇಟ್ಟು ಮುಚ್ಚುವವರೂ ಇದ್ದಾರೆ. ಹುಳುಕಿನೊಳಗೇ ತೆರೆದುಕೊಂಡ ಹಾಲುಹಲ್ಲಿಗೆ ನಾನು ಪಲ್ಪಾಟಮಿಯನ್ನೇ ಆರಿಸುತ್ತೇನೆ.

ಕ್ಯಾಪ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ನನ್ನ ಬಳಿ ಒಬ್ಬ ಹುಡುಗನಿಗೆ ಎಂಟಿಎ ಇಟ್ಟು, ರಕ್ತ ಚೆನ್ನಾಗಿ ನಿಂತು, ಎಲ್ಲ ಅಚ್ಚುಕಟ್ಟಾಗಿ ಆಗಿತ್ತು. ಮಗುವಿಗೆ ಸುಸ್ತಾಗಿದೆ ಎಂದು ತಾತ್ಕಾಲಿಕ ಫಿಲ್ಲಿಂಗ್ ಹಾಕಿ, ಕ್ಯಾಪ್ ಮುಂದಿನ ವಾರ ಎಂದೆ. ಅವರು ಬಂದದ್ದು ಎಂಟು ತಿಂಗಳ ನಂತರ. ಫಿಲ್ಲಿಂಗ್ ಒಡೆದಿತ್ತು, ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದಿತ್ತು. ಹಲ್ಲು ಕೀಳಬೇಕಾಯಿತು. ಔಷಧಿಯ ತಪ್ಪೇನೂ ಇರಲಿಲ್ಲ, ನಾನು ಮುಂದೂಡಿದ್ದು ತಪ್ಪು. ಆಮೇಲೆ ಸಾಧ್ಯವಾದಷ್ಟೂ ಅದೇ ದಿನ ಕ್ಯಾಪ್ ಹಾಕಿಯೇ ಕಳಿಸುತ್ತೇನೆ. ಎಂಟಿಎ ಪೂರ್ತಿ ಗಟ್ಟಿಯಾಗದಿದ್ದರೂ ಅದರ ಮೇಲೆ ಗ್ಲಾಸ್ ಅಯೋನೋಮರ್ ಎಂಬ ಫಿಲ್ಲಿಂಗ್ ವಸ್ತುವಿನ ಪದರ ಹಾಕಿ ಕ್ಯಾಪ್ ಕೂರಿಸಬಹುದು. ಬೆಳ್ಳಿ ಬಣ್ಣ ನೋಡಿ ಬೇಸರಪಡಬೇಡಿ. ಒಳಟೊಳ್ಳಾದ ಹಾಲುಹಲ್ಲನ್ನು ಸುತ್ತಲೂ ಹಿಡಿದು ನಿಲ್ಲಿಸುವುದು ಅದೇ. ಹಲ್ಲು ಬೀಳುವಾಗ ಅದರ ಜೊತೆಗೇ ಬೀಳುತ್ತದೆ.

ಚಿಕಿತ್ಸೆಯಾದ ದಿನ ತುಟಿ ಕೆನ್ನೆ ಮರಗಟ್ಟಿರುತ್ತದೆ. ಮಗು ಆಟಕ್ಕೆಂದು ಕಚ್ಚಿಕೊಂಡು ಗಾಯ ಮಾಡಿಕೊಳ್ಳದಂತೆ ಎರಡು ಮೂರು ಗಂಟೆ ಕಣ್ಣಿಡಿ. ಒಂದೆರಡು ದಿನ ಸಣ್ಣ ನೋವು, ಕ್ಯಾಪ್ ಸುತ್ತಲಿನ ಒಸಡು ಬೆಳ್ಳಗಾಗುವುದು ಸಹಜ. ಆರು ತಿಂಗಳಿಗೊಮ್ಮೆ ತೋರಿಸಿ. ನೋವಿಲ್ಲ ಎಂದು ತಪ್ಪಿಸಬೇಡಿ, ಮೇಲೆ ಹೇಳಿದ ಹಾಗೆ ಸೋಲು ಹೆಚ್ಚಾಗಿ ಮೊದಲು ಎಕ್ಸ್‌ರೇಯಲ್ಲೇ ಕಾಣುವುದು. ಮಗಳಿಗೆ ಹೃದಯದ ತೊಂದರೆ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಏನಾದರೂ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಅಂಥ ಮಕ್ಕಳಲ್ಲಿ ಹಲ್ಲು ಉಳಿಸುವುದಕ್ಕಿಂತ ಕಿತ್ತು, ಜಾಗ ಕಾಯುವ ಸಾಧನ ಹಾಕುವುದೇ ಕೆಲವೊಮ್ಮೆ ಕ್ಷೇಮ.

ಕೊನೆಗೆ, ದಿನ ತಳ್ಳಬೇಡಿ. ರಾತ್ರಿ ನೋವು ಇಲ್ಲದ ಈ ಹೊತ್ತಿನಲ್ಲಿ ಇಷ್ಟೆಲ್ಲ ಆಯ್ಕೆ ನಿಮ್ಮ ಮುಂದಿದೆ. ಚಿಕಿತ್ಸೆಯ ದಿನಕ್ಕೆ ಮೊದಲೇ ಮಗಳು ನೋವಿನಿಂದ ರಾತ್ರಿ ಎದ್ದು ಕೂತರೆ, ಬರೀ ನೋವಿನ ಔಷಧಿ ಕೊಟ್ಟು ಸುಮ್ಮನಾಗದೆ ಮರುದಿನ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ.